ನಿಂತುಬಿಡುವ ಸರ್ವರನ್ನೇ ಆರಿಸಿದ್ದು

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ನಮ್ಮ ಸರ್ವರ್ ನಿಂತಿತು. ಬಟನ್ ಒತ್ತಿದೆ, ಎರಡು ನಿಮಿಷದಲ್ಲಿ ಎದ್ದಿತು. ಎದ್ದದ್ದೇ ತಪ್ಪಾಯಿತು. ಅವತ್ತು ಅದು ಸತ್ತೇ ಹೋಗಿದ್ದರೆ ಒಳ್ಳೆಯದಿತ್ತು, ಒಂದು ದಿನ ಬೈಸಿಕೊಂಡು ಮುಗಿಯುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಜೇವರ್ಗಿಯ ಬಸ್ ನಿಲ್ದಾಣದ ಹಿಂದೆ, ತೊಗರಿಬೇಳೆ ಮಿಲ್ಲಿನ ಗೋಡೆಗೆ ಅಂಟಿಕೊಂಡು ನಮ್ಮದೊಂದು ತಗಡಿನ ಶೆಡ್. ಬೇರೆಯವರ ದಾಖಲೆಗಳನ್ನು ನಮ್ಮ ಯಂತ್ರದಲ್ಲಿಟ್ಟು, ಅವರು ಫೋನ್ ಲೈನಿನ ಮೇಲೆ ಕೇಳಿದಾಗ ಕೊಡುವುದು ನಮ್ಮ ವ್ಯಾಪಾರ. ಮುಂದೆ ಇದಕ್ಕೆ ಹೋಸ್ಟಿಂಗ್ ಎಂಬ ಹೆಸರು ಬಂತು. ಆಗ ಊರಿನವರಿಗೆ ನಾವು ‘ಪೆಟ್ಟಿಗ್ಯಾಗ ಬರಿಯಾವ್ರು’. ಇದ್ದವರು ಇಬ್ಬರೇ. ನಾನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಯಾರ ಕೈಕೆಳಗೂ ಮೂರು ತಿಂಗಳಿಗಿಂತ ಹೆಚ್ಚು ನಿಲ್ಲಲಾಗದವಳು. ಇನ್ನೊಬ್ಬರು ನನ್ನ ಪಾಲುದಾರರು, ನನಗಿಂತ ಇಪ್ಪತ್ತು ವರ್ಷ ಹಿರಿಯರು, ನೀರೆತ್ತುವ ಮೋಟರುಗಳಿಗೆ ತಂತಿ ಸುತ್ತುತ್ತಿದ್ದ ಮುಸಲ್ಮಾನರು. ನಾನು ಅವರಿಗೆ ಭಾಯಿ ಅನ್ನುತ್ತಿದ್ದೆ, ಅವರು ನನಗೆ ತಂಗಿ.

ನಮ್ಮ ದೊಡ್ಡ ಗಿರಾಕಿ ಒಂದು ಧರ್ಮಾರ್ಥ ಸಂಸ್ಥೆ. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅವರದು ಕ್ಷಯರೋಗದ ದವಾಖಾನೆ. ಆರು ತಿಂಗಳ ಚಿಕಿತ್ಸೆ. ರೋಗಿ ಗೊತ್ತುಮಾಡಿದ ದಿನಗಳಂದು ಬಂದು ಆರೋಗ್ಯ ಕಾರ್ಯಕರ್ತರ ಎದುರಿಗೇ ಮಾತ್ರೆ ನುಂಗಬೇಕು. ಯಾರು ಯಾವತ್ತು ಬರಬೇಕು ಎನ್ನುವ ಪಟ್ಟಿ ನಮ್ಮ ಸರ್ವರಿನಲ್ಲಿ. ಆಳಂದ, ಅಫಜಲಪುರದವರು ಮುಂಜಾನೆ ಏಳಕ್ಕೆ ಮೋಡೆಮ್ ಹಚ್ಚಿ ತಮ್ಮ ಪಟ್ಟಿ ಇಳಿಸಿಕೊಳ್ಳುತ್ತಿದ್ದರು. ಜೇವರ್ಗಿಯದು ನಮ್ಮಲ್ಲೇ ಮುದ್ರಣವಾಗಿ ಎಂಟರೊಳಗೆ ದವಾಖಾನೆ ಸೇರುತ್ತಿತ್ತು. ಅಲ್ಲಿ ಬೇವಿನ ಗಿಡದ ಕೆಳಗೆ ಆರೋಗ್ಯ ಕಾರ್ಯಕರ್ತರು ಒಂದೊಂದೇ ಹೆಸರು ಕೂಗಿ ಮಾತ್ರೆ ಕೊಡುತ್ತಿದ್ದರು. ಹೆಸರು ಕರೆದರೂ ಬಾರದವರ ಊರಿಗೆ ಅವರೇ ಹುಡುಕಿಕೊಂಡು ಹೋಗುತ್ತಿದ್ದರು.

ಆ ಮಧ್ಯಾಹ್ನ ನಿಂತು ಎದ್ದ ಸರ್ವರ್ ಮರುದಿನ ಪಟ್ಟಿಯನ್ನು ಚೊಕ್ಕಟವಾಗಿಯೇ ಮುದ್ರಿಸಿತು. ನಾಲ್ಕು ಹೆಸರು ಕಡಿಮೆ ಇದ್ದವು. ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಮೂರು ವಾರ ಹೋದ ಮೇಲೆ ಆರೋಗ್ಯ ಕಾರ್ಯಕರ್ತರು ಔಷಧದ ಡಬ್ಬಿಗಳನ್ನು ಎಣಿಸುವಾಗ ನಾಲ್ಕು ಡಬ್ಬಿಗಳಲ್ಲಿ ಮಾತ್ರೆ ಹಾಗೇ ಉಳಿದಿರುವುದು ಕಂಡು, ಸೈಕಲ್ ತುಳಿದುಕೊಂಡು ನಮ್ಮ ಶೆಡ್ಡಿಗೆ ಬಂದರು. ಸಾಧು ಮನುಷ್ಯ, ಯಾವತ್ತೂ ದನಿ ಏರಿಸಿದವರಲ್ಲ.

“ಅಕ್ಕಾವ್ರ, ಪಟ್ಟಿ ಯಾರ್ ಮಾಡಾವ್ರು?”

“ನಾನೇರಿ.”

“ಹಂಗಾದ್ರ ನಡೀರಿ ಇಜೇರಿಗಿ. ಅಲ್ಲಿ ಒಬ್ಬಾಕಿಗಿ ಏನ್ ಹೇಳ್ಬೇಕು ನೀವೇ ಹೇಳ್ರಿ. ನನ್ನ ಬಾಯಿಂದ ಆಗಂಗಿಲ್ಲ.”

ನಾಲ್ವರಲ್ಲಿ ಮೂವರು ಜೇವರ್ಗಿಯಲ್ಲೇ ಸಿಕ್ಕರು. ಹೆಸರು ಕರೆಯದಿದ್ದಾಗ ಸರ್ಕಾರಿ ಆಸ್ಪತ್ರೆಗೆ ಹೋಗಿ ಜಗಳ ಮಾಡಿ ಮಾತ್ರೆ ತಂದು ನುಂಗಿಕೊಂಡಿದ್ದರು. ನಾಲ್ಕನೆಯವಳು ನಮ್ಮ ತಾಲೂಕಿನದೇ ಹಳ್ಳಿ ಇಜೇರಿಯ ಹೆಣ್ಣುಮಗಳು, ಮೂವತ್ತರ ಆಸುಪಾಸು, ಕೂಲಿ ಮಾಡುವವಳು. ನಾವು ಹೋದಾಗ ಅಂಗಳದಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ನಕ್ಕಳು, ನಗುತ್ತಲೇ ಕೆಮ್ಮಿದಳು.

“ಯಾಕ್ ಬರ್ಲಿಲ್ಲ ತಂಗೀ?” ಅಂದರು ಕಾರ್ಯಕರ್ತರು.

“ಎರಡು ಸಲ ಬಂದೆ ಅಣ್ಣಾ. ನೀವು ನನ್ನ ಹೆಸರು ಕರೀಲಿಲ್ಲ. ಆರಾಮ ಆಗ್ಯಾದ ಅಂತ ತಿಳ್ಕೊಂಡು ಗುಡಿಗಿ ಕಾಯಿ ಒಡಸಿ ಬಂದೆ.”

ಆಕೆ ತಿಳಿದದ್ದರಲ್ಲಿ ತಪ್ಪೇನಿರಲಿಲ್ಲ. ಚಿಕಿತ್ಸೆ ಮುಗಿದವರ ಹೆಸರನ್ನು ನಾವು ಸುಮ್ಮನೆ ತೆಗೆದುಹಾಕುತ್ತಿದ್ದೆವು. ಗಿಡದ ಕೆಳಗೆ ಕೂತವರಿಗೆಲ್ಲ ಅದೇ ರೂಢಿ: ಕರೆದರೆ ರೋಗ ಅದೆ, ಕರೆಯದಿದ್ದರೆ ಹೋಯಿತು. ಈಗ ಆಕೆ ಮೊದಲಿನಿಂದ ಮತ್ತೆ ಆರು ತಿಂಗಳು ಮಾತ್ರೆ ನುಂಗಬೇಕು. ಅರ್ಧಕ್ಕೆ ಬಿಟ್ಟ ರೋಗ ಮಾತ್ರೆಗೆ ಬಗ್ಗದೆಯೂ ಹೋಗಬಹುದು. ಇದನ್ನೆಲ್ಲ ಕಾರ್ಯಕರ್ತರೇ ಹೇಳಬೇಕಾಯಿತು. ನಾನು ಯಾರು ಎಂದು ಆಕೆ ಕೇಳಿದಳು. “ದವಾಖಾನಿ ಕಡೆಯವಳು” ಅಂದೆ. ಅಷ್ಟು ಹೇಡಿ ನಾನು. ಬಸ್ಸಿನಲ್ಲಿ ವಾಪಸ್ ಬರುವಾಗ ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯದೆ, ಚಿಲ್ಲರೆ ಕೊಡದ ಕಂಡಕ್ಟರನ ಮೇಲೆ ಹರಿಹಾಯ್ದೆ.

ಸಂಸ್ಥೆಯ ಹಿರಿಯ ಡಾಕ್ಟರು ಕರೆಸಿದರು. ಕೂಡಿಸಲೂ ಇಲ್ಲ. ನಿಮ್ಮ ಸರ್ವರ್ ಗುಲ್ಬರ್ಗಾದ ಬಜಾರಿನಲ್ಲಿ ಬಿಡಿ ಸಾಮಾನು ತಂದು ಜೋಡಿಸಿದ್ದಲ್ಲವೇ ಎಂದು ಕೇಳಿದರು. ಹೌದು, ನಾನೇ ಜೋಡಿಸಿದ್ದು.

“ಮೇ ತಿಂಗಳು ಮುಗಿಯೂದ್ರೊಳಗ ಒಂದು ಛಲೋ ಕಂಪನಿ ಮಷೀನ್ ತರ್ರಿ. ಯಾವುದು ಅಂತ ನೀವೇ ನೋಡ್ರಿ. ಆದ್ರ ನಿಲ್ಬಾರ್ದು. ನಿಂತ್ರ ನಾವು ಕೈಯಿಂದ ಬರಕೊಂತೀವಿ, ನಿಮ್ಮ ಸಹವಾಸ ಬ್ಯಾಡ.”

ನಿಲ್ಲಬಾರದು. ಆ ಮಾತನ್ನು ನಾನು ತಲೆಯಲ್ಲಿ ಮೊಳೆ ಹೊಡೆದಂತೆ ಹೊಡೆದುಕೊಂಡೆ. ಅದೇ ತಪ್ಪು ಮಾತು ಎಂದು ತಿಳಿಯಲು ಎರಡು ತಿಂಗಳು ಬೇಕಾಯಿತು.

ಏಪ್ರಿಲ್ ಎರಡನೇ ವಾರದಿಂದ ಡೀಲರುಗಳ ಮೆರವಣಿಗೆ ಶುರುವಾಯಿತು. ಗುಲ್ಬರ್ಗಾದಿಂದ ಒಬ್ಬ, ಸೊಲ್ಲಾಪುರದಿಂದ ಒಬ್ಬ, ಹೈದರಾಬಾದಿನಿಂದ ಇಬ್ಬರು. ನಾಲ್ಕು ಬ್ರ್ಯಾಂಡು, ನಾಲ್ಕು ಹೊಳೆಯುವ ಪುಸ್ತಿಕೆ. ಎಲ್ಲವೂ ರ‍್ಯಾಕಿನಲ್ಲಿ ಹಲಗೆಯಂತೆ ತೂರಿಸುವ ಚಪ್ಪಟೆ ಸರ್ವರುಗಳು. ಹೆಸರು ಬರೆಯುವುದಿಲ್ಲ, ಕೆಲವರು ಈಗಲೂ ಅಂಗಡಿ ನಡೆಸುತ್ತಿದ್ದಾರೆ. ಗುಲ್ಬರ್ಗಾದವನು ಟೈ ಕಟ್ಟಿಕೊಂಡು ಹೊಸ್ತಿಲಲ್ಲೇ ನಿಂತು ಕೇಳಿದ:

“ಮಾಲಕ್ರು ಇಲ್ಲೇನ್ರೀ?”

“ನಾನೇ ಮಾಲಕಿ.”

“ಹಂಗಲ್ರೀ ಮೇಡಂ, ಮಷೀನ್ ವಿಷಯ ಮಾತಾಡೂದಿತ್ತು,” ಎಂದು ಮೂಲೆಯಲ್ಲಿ ಬೆಸುಗೆ ಹಾಕುತ್ತಿದ್ದ ಭಾಯಿಯ ಕಡೆ ತಿರುಗಿ ಕೂತ. ಅರ್ಧ ತಾಸು ಅವರಿಗೇ ಹೇಳಿದ: ಪ್ರೊಸೆಸರು, ಡಿಸ್ಕು, ತಪ್ಪು ಹಿಡಿದು ತಿದ್ದುವ ಮೆಮೊರಿ. ಭಾಯಿ ತಲೆ ಎತ್ತದೆ ಕೇಳಿಸಿಕೊಂಡರು. ಎಲ್ಲ ಮುಗಿದ ಮೇಲೆ, “ನನಗ ಮೋಟರ್ ಬಿಟ್ರ ಏನೂ ತಿಳ್ಯಂಗಿಲ್ರಿ. ಮತ್ತೊಮ್ಮೆ ಅವ್ರಿಗಿ ಹೇಳ್ರಿ,” ಅಂದರು.

ನನಗೆ ಮೈಯೆಲ್ಲ ಉರಿಯುತ್ತಿತ್ತು. ಪುಸ್ತಿಕೆ ತೆರೆದು, ಇದರ ಡಿಸ್ಕು ಕೆಡದೆ ಲಕ್ಷಗಟ್ಟಲೆ ತಾಸು ನಡೆಯುತ್ತದೆ ಎಂದು ಬರೆದಿದ್ದೀರಲ್ಲ, ಅಂದರೆ ನಾಲ್ಕೈದು ದಶಕ, ನಿಮ್ಮ ಕಂಪನಿ ಹುಟ್ಟಿ ಎಷ್ಟು ವರ್ಷವಾಯಿತು ಎಂದು ಕೇಳಿದೆ. ಆತ ನಕ್ಕ. ಆ ತಾಸುಗಳನ್ನು ಎಂಥ ಕೋಣೆಯಲ್ಲಿ ಎಣಿಸಿದ್ದು ಎಂದು ಕೇಳಿದೆ. “ಎಸಿ ರೂಮ್ ಮೇಡಂ” ಅಂದ. ನಮ್ಮ ತಗಡಿನ ಕೆಳಗೆ ಮೇ ತಿಂಗಳಲ್ಲಿ ಉಷ್ಣಮಾಪಕ ನಲವತ್ತೆರಡು ತೋರಿಸುತ್ತದೆ. ಪಕ್ಕದ ಮಿಲ್ಲಿನ ತೊಗರಿ ಹೊಟ್ಟು ಚಹಾದ ಕಪ್ಪಿಗೂ ಬೀಳುತ್ತದೆ. ನಾಲ್ವರೂ ಇದೇ ಉತ್ತರವನ್ನು ಬೇರೆ ಬೇರೆ ಮಾತಿನಲ್ಲಿ ಹೇಳಿದರು. ಅಳಿಯ ಅಲ್ಲ, ಮಗಳ ಗಂಡ.

ಕೊನೆಯವನು ಹೋದ ಮೇಲೆ ನಾನು ಪುಸ್ತಿಕೆಗಳನ್ನು ನೆಲಕ್ಕೆ ಎಸೆದೆ. ಭಾಯಿ ಅವನ್ನು ಎತ್ತಿ ಜೋಡಿಸಿಡುತ್ತ ಹೇಳಿದರು:

“ತಂಗಿ, ಸಂತ್ಯಾಗ ಎತ್ತು ತಗೋಬೇಕಾದ್ರ ಏನ್ ಮಾಡ್ತಾರ? ಹಲ್ಲು ನೋಡ್ತಾರ, ಸುಳಿ ನೋಡ್ತಾರ. ಆಮ್ಯಾಲ ಮನೀಗಿ ಹೊಡ್ಕೊಂಡು ಹೋಗಿ ನಾಕ್ ದಿನ ನೊಗಕ್ಕ ಹಚ್ಚಿ ನೋಡ್ತಾರ. ಬರೋಬ್ಬರಿ ಎಳೀಲಿಲ್ಲಂದ್ರ ವಾಪಸ್. ಇವು ಏನ್ ಎತ್ತಿಗಿಂತ ಶ್ಯಾಣ್ಯಾ ಅವೇನು?”

ಮರುದಿನ ನಾಲ್ವರಿಗೂ ಫೋನ್ ಮಾಡಿದೆ. ಮಷೀನ್ ತಂದು ನಮ್ಮ ಶೆಡ್ಡಿನಲ್ಲಿಡಿ, ಮೂರು ವಾರ ಹೂಡಿ ನೋಡುತ್ತೇವೆ, ಎಳೆದದ್ದನ್ನು ಕೊಳ್ಳುತ್ತೇವೆ. ಹೈದರಾಬಾದಿನವರಿಬ್ಬರೂ ಹುಚ್ಚಿ ಎಂದುಕೊಂಡು ಫೋನ್ ಇಟ್ಟರು. ಗುಲ್ಬರ್ಗಾದವನು ಮತ್ತು ಸೊಲ್ಲಾಪುರದವರು ಒಪ್ಪಿದರು. ಮೂರು ದವಾಖಾನೆಗಳಲ್ಲಿ ತಮ್ಮ ಹೆಸರು ಕಾಣುತ್ತದೆ ಎಂಬ ಆಸೆ ಇಬ್ಬರಿಗೂ. ಗುಲ್ಬರ್ಗಾದವನದು ನೀಲಿ ಪಟ್ಟಿಯ ಯಂತ್ರ, ಜಗತ್ತಿಗೇ ಗೊತ್ತಿರುವ ಹೆಸರು. ಸೊಲ್ಲಾಪುರದವರದು ಕೆಂಪು ಪಟ್ಟಿಯದು, ಅಷ್ಟೇನೂ ಕೇಳದ ಹೆಸರು. ನಾವು ಅವನ್ನು ನೀಲಿ, ಕೆಂಪು ಎಂದೇ ಕರೆದೆವು. ರ‍್ಯಾಕನ್ನು ಟ್ರ್ಯಾಕ್ಟರ್ ಟ್ರಾಲಿ ಕಟ್ಟುವ ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಆ್ಯಂಗಲ್‌ನಿಂದ ಮಾಡಿಸಿದೆವು. ಅದರ ಮೇಲೆ ಆನೆ ನಿಂತರೂ ಬಗ್ಗುತ್ತಿರಲಿಲ್ಲ.

ಪರೀಕ್ಷೆಗೆ ನಿಜವಾದ ರೋಗಿಗಳ ಹೆಸರು ಹಾಕಲು ಮನಸ್ಸು ಬರಲಿಲ್ಲ. ಸುಳ್ಳು ಪಟ್ಟಿಯೊಂದನ್ನು ಮಾಡಿದೆ. ಬದನೆಕಾಯಿ ಕೊಳಕೂರ, ಹೀರೇಕಾಯಿ ಇಜೇರಿ, ಚವಳೆಕಾಯಿ ಆಳಂದ, ಹೀಗೆ ಸಾವಿರ ಹೆಸರು, ಪ್ರತಿಯೊಂದಕ್ಕೂ ಒಂದೊಂದು ತಾರೀಖು. ಪ್ರತಿ ಹಾಳೆಯ ತಾರೀಖುಗಳನ್ನು ಕೂಡಿಸಿ ಮೊತ್ತವನ್ನು ಬೇರೆ ಕಾಗದದಲ್ಲಿ ಕೈಯಿಂದ ಬರೆದಿಟ್ಟೆ. ಎರಡೂ ಯಂತ್ರಗಳು ಹಗಲೂ ರಾತ್ರಿ ಆ ಪಟ್ಟಿಯನ್ನು ನಕಲು ಮಾಡುತ್ತಲೇ ಇರಬೇಕು. ದಿನಕ್ಕೆರಡು ಸಲ ಮುದ್ರಿಸಿ ನಾನು ಮೊತ್ತ ತಾಳೆ ನೋಡಬೇಕು. ಮಧ್ಯೆ ಮಧ್ಯೆ ಭಾಯಿ ಹೇಳದೆ ಕೇಳದೆ ಮೇನ್ ಸ್ವಿಚ್ ಇಳಿಸಬೇಕು.

ನಾಲ್ಕನೇ ದಿನ ನೀಲಿ ಸತ್ತಿತು. ಆರನೇ ದಿನ ಕೆಂಪು.

ನೀಲಿಯವನು ಕಾರಿನಲ್ಲಿ ಬಂದ. ಯಂತ್ರ ತೆರೆದು ಮದರ್‌ಬೋರ್ಡ್ ಸುಟ್ಟಿದ್ದನ್ನು ತೋರಿಸಿದ. “ನಿಮ್ಮ ಕರೆಂಟ್ ಸರಿ ಇಲ್ಲ ಮೇಡಂ. ಇಂಥ ಊರಾಗ ಸರ್ವರ್ ಇಡಬಾರ್ದು. ಇದು ವಾರಂಟಿನ್ಯಾಗ ಬರಂಗಿಲ್ಲ.” ಬ್ಯಾಗಿನಲ್ಲಿ ಮೀಟರ್ ಇತ್ತು, ಹೊರಗೆ ತೆಗೆಯಲೇ ಇಲ್ಲ. ಚಹಾ ಕುಡಿದು, ಟೈ ಸಡಿಲಿಸಿ, ಬೋರ್ಡು ಕಳಿಸುತ್ತೇನೆ ಎಂದು ಹೋದ. ನಾನು ಅವನ ಬೆನ್ನಿಗೇ ಅಂದೆ: ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಇಂಥ ಊರು ಅಂದರೆ ಎಂಥ ಊರು? ಈ ಊರಿನಲ್ಲಿ ಜನ ಕೆಮ್ಮುವುದಿಲ್ಲವೇ? ಆಳಂದದಲ್ಲಿ, ಅಫಜಲಪುರದಲ್ಲಿ ಜನ ಸಾಯುವುದಿಲ್ಲವೇ? ಎಸಿ ರೂಮಿನಲ್ಲಿ ಇರುವವರಿಗೆ ಮಾತ್ರ ಪಟ್ಟಿ ಬೇಕೇನು? ಸಂಜೆಯವರೆಗೆ ಹೀಗೇ ಉರಿಯುತ್ತಿದ್ದೆ.

ಭಾಯಿ ಕೆಲಸ ಬಿಟ್ಟು ಎದ್ದರು. ತಮ್ಮ ಹಳೆಯ ಮೀಟರ್ ತೆಗೆದು ಪ್ಲಗ್ಗಿನ ನ್ಯೂಟ್ರಲಿಗೂ, ನೆಲಕ್ಕಿಳಿಯುವ ಅರ್ಥ್ ತಂತಿಗೂ ಕಡ್ಡಿ ಹಚ್ಚಿದರು. ಹೆಚ್ಚೆಂದರೆ ಐದು ವೋಲ್ಟ್ ಇರಬೇಕಾದಲ್ಲಿ ಮುಳ್ಳು ಎಂಬತ್ತು ದಾಟಿತು. ಆಗ ನನಗೆ ನೆನಪಾಯಿತು, ಒಂದೂವರೆ ತಿಂಗಳಿನಿಂದ ಯಂತ್ರದ ಡಬ್ಬಿ ಮುಟ್ಟಿದಾಗೆಲ್ಲ ಬೆರಳು ಜುಮುಗುಡುತ್ತಿತ್ತು. ಬೇಸಿಗೆ ಅಂದುಕೊಂಡಿದ್ದೆ.

ಶೆಡ್ಡಿನ ಹಿಂದೆ ಅರ್ಥಿಂಗ್ ಗುಂಡಿ. ಉದ್ದ ಕೊಳವೆ ಹೂತು, ಸುತ್ತ ಉಪ್ಪು ಇದ್ದಿಲು ತುಂಬಿ, ಮೇಲೆ ಶಹಾಬಾದ್ ಕಲ್ಲು ಮುಚ್ಚಿದ್ದು. ಕಲ್ಲು ಸರಿಸಿದೆವು. ನಮ್ಮದು ಕಪ್ಪು ಎರಿ ಮಣ್ಣು, ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಕೊಳವೆಯ ಸುತ್ತ ಬಿರುಕು ಬಿಟ್ಟು ಮಣ್ಣು ದೂರ ಸರಿದಿತ್ತು. ನಾನು ಆ ಸಂದಿನಲ್ಲಿ ಮೊಣಕೈಯವರೆಗೆ ಕೈ ಇಳಿಸಿದೆ. ಕೊಳವೆ ಗಾಳಿಯಲ್ಲಿ ನಿಂತಿತ್ತು. ಸಿಡಿಲಿಗೆ, ಕರೆಂಟಿನ ಹೊಡೆತಕ್ಕೆ ಇಳಿದು ಹೋಗಲು ದಾರಿಯೇ ಇಲ್ಲದೆ ಎಲ್ಲವೂ ಯಂತ್ರದೊಳಗೇ ಸುತ್ತಿತ್ತು.

“ವಾರಕ್ಕ ಎರಡು ಕೊಡ ನೀರು ಹಾಕ್ತಿದ್ದೆ ನಾ ಇದಕ್ಕ,” ಅಂದರು ಭಾಯಿ. “ಶಿವರಾತ್ರಿ ಆದ ಮ್ಯಾಲ ನೀವೇ ಬ್ಯಾಡ ಅಂದ್ರಿ.”

ಹೌದು, ನಾನೇ ಅಂದಿದ್ದೆ. ನಳ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಕುಡಿಯಲು ನೀರಿಲ್ಲದಾಗ ಮಣ್ಣಿಗೆ ಯಾಕೆ ಸುರಿಯುತ್ತೀರಿ ಎಂದು ರೇಗಿದ್ದೆ. ಜಾಣತನ ಎಂದುಕೊಂಡಿದ್ದೆ. ಹಳೆಯ ಸರ್ವರ್ ನಿಂತದ್ದು ಅದಾದ ಮೇಲೆಯೇ. ಬಿಡಿ ಸಾಮಾನಿನ ದೋಷ ಎಂದು ಡಾಕ್ಟರು ಅಂದಿದ್ದರು, ನಾನೂ ಒಪ್ಪಿದ್ದೆ. ನಿಜವಾಗಿ ಇಜೇರಿಯ ಆ ಹೆಣ್ಣುಮಗಳ ಹೆಸರು ಅಳಿಸಿದ್ದು ವಾರಕ್ಕೆ ಎರಡು ಕೊಡ ನೀರು ಉಳಿಸಿದ ನನ್ನ ಜಿಪುಣತನ. ಗುಲ್ಬರ್ಗಾದವನು ಮೀಟರ್ ಮುಟ್ಟದೆಯೇ ನಿಜ ಹೇಳಿಬಿಟ್ಟಿದ್ದ, ನೆಲ ಡೊಂಕೇ ಆಗಿತ್ತು. ಅದು ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸಿತು.

ಮರುದಿನವೇ ಹೊಸ ಗುಂಡಿ ತೋಡಿಸಿದೆವು. ಎರಿ ಮಣ್ಣು ಮುಗಿದು ಕೆಳಗಿನ ಗರಸು ಮಣ್ಣು ಸಿಗುವವರೆಗೆ, ತೇವ ಕೈಗೆ ಹತ್ತುವವರೆಗೆ ಅಗೆಸಿದೆವು. ತಾಮ್ರದ ಪಟ್ಟಿ, ಉಪ್ಪು, ಇದ್ದಿಲು, ಮೇಲೆ ನೀರು ಹೊಯ್ಯಲು ಕೊಳವೆ. ನೀರು ಹೊಯ್ಯುವ ಕೆಲಸ ನನ್ನದು, ಕೊಡ ಹೊತ್ತು ನಾನೇ ಹೊಯ್ದೆ. ಮೀಟರಿನ ಮುಳ್ಳು ಎರಡಕ್ಕೆ ಇಳಿಯಿತು. ಸೊಲ್ಲಾಪುರದ ಡೀಲರು ಬಸ್ಸಿನಲ್ಲಿ ಬಂದಿದ್ದರು, ಬಗಲಲ್ಲಿ ಹೊಸ ಬೋರ್ಡು. ಯಂತ್ರಕ್ಕೆ ಕೈ ಹಾಕುವ ಮೊದಲು ಗುಂಡಿ ನೋಡಬೇಕು ಅಂದರು. ನೋಡಿ, ಅಳೆದು, ಬೋರ್ಡು ಹಾಕಿದರು. ಹಳೆಯ ಗುಂಡಿಯ ಕಥೆಯನ್ನು ನಾನು ಮುಚ್ಚಿಡದೆ ಹೇಳಿದೆ. “ಹೇಳಿದ್ದು ಛಲೋ ಆಯ್ತ್ರಿ. ಮಂದಿ ಹೇಳಂಗಿಲ್ಲ,” ಅಂದರು ಅಷ್ಟೇ. ನೀಲಿಯ ಬೋರ್ಡು ಪಾರ್ಸಲಿನಲ್ಲಿ ಬಂತು, ನಾನೇ ಹಾಕಿದೆ.

ಮೇ ಎರಡನೇ ವಾರ ಎರಡನ್ನೂ ಮತ್ತೆ ನೊಗಕ್ಕೆ ಹಚ್ಚಿದೆವು. ಈ ಸಲ ನೀಲಿ ಕುದುರೆಯ ಹಾಗೆ ಓಡಿತು. ಹನ್ನೆರಡು ದಿನ ಒಮ್ಮೆಯೂ ನಿಲ್ಲಲಿಲ್ಲ. ಕೆಂಪು ಮಾತ್ರ ಮಧ್ಯಾಹ್ನ ಮೂರು ಹೊಡೆದು ಕೋಣೆ ಕಾದಾಗ ಒಂದೆರಡು ಸಲ ಕೀಚ್ ಎಂದು ಕೂಗಿ ನಿಂತುಬಿಟ್ಟಿತು. ತಣ್ಣಗಾದ ಮೇಲೆ ಕೈಯಿಂದ ಎಬ್ಬಿಸಬೇಕು. ಎದ್ದ ಮೇಲೆ ಮೊತ್ತ ಮಾತ್ರ ಸರಿಯಾಗಿಯೇ ಇರುತ್ತಿತ್ತು. ನಾನು ನೀಲಿಯನ್ನೇ ಕೊಳ್ಳುವುದೆಂದು ಮನಸ್ಸಿನಲ್ಲಿ ನಿಶ್ಚಯ ಮಾಡಿಬಿಟ್ಟಿದ್ದೆ. ಟೈ ಕಟ್ಟಿದವನ ಮುಖ ಇನ್ನೊಮ್ಮೆ ನೋಡಬೇಕಲ್ಲ ಎಂಬ ಸಂಕಟ ಒಂದೇ.

ಹದಿಮೂರನೇ ದಿನ ನೀಲಿಯ ಏಳನೇ ಹಾಳೆಯ ಮೊತ್ತ ಎರಡು ಹೆಚ್ಚಾಯಿತು. ನಾನೇ ಕೂಡಿಸುವಾಗ ತಪ್ಪಿದೆ ಎಂದುಕೊಂಡು ಮೂರು ಸಲ ಕೂಡಿಸಿದೆ. ಆಮೇಲೆ ಒಂದೊಂದೇ ಸಾಲು ಮೂಲದೊಂದಿಗೆ ಹಿಡಿದು ನೋಡಿದೆ. ಹೀರೇಕಾಯಿ ಇಜೇರಿಯ ತಾರೀಖು ಹದಿನಾಲ್ಕು ಇದ್ದದ್ದು ಹದಿನಾರು ಆಗಿತ್ತು. ಯಂತ್ರ ಕೂಗಿರಲಿಲ್ಲ, ನಿಂತಿರಲಿಲ್ಲ, ಪರದೆಯ ಮೇಲೆ ಒಂದು ಅಕ್ಷರದ ದೂರೂ ಇರಲಿಲ್ಲ. ತಪ್ಪು ಹಿಡಿದು ತಿದ್ದುವ ಮೆಮೊರಿ ಇದೆ ಎಂದು ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಬರೆದಿತ್ತಲ್ಲ, ಹಾಗಾದರೆ ಇದು ಹೇಗೆ?

ಎರಡೂ ಯಂತ್ರಗಳ ಮುಚ್ಚಳ ಬಿಚ್ಚಿ ಮೆಮೊರಿ ಪಟ್ಟಿಗಳನ್ನು ಹೊರಗೆ ತೆಗೆದೆ. ಆ ಕಾಲದ ಮೆಮೊರಿಯಲ್ಲಿ ಇದನ್ನು ಕಣ್ಣಿನಿಂದಲೇ ತಿಳಿಯಬಹುದಿತ್ತು. ಸಾದಾ ಪಟ್ಟಿಯ ಮೇಲೆ ಎಂಟು ಚಿಪ್ಪು. ತಪ್ಪು ಹಿಡಿಯುವುದಾದರೆ ಒಂಬತ್ತು, ಒಂಬತ್ತನೆಯದು ಉಳಿದ ಎಂಟರ ಕಾವಲುಗಾರ. ಕೆಂಪಿನದನ್ನು ಎಣಿಸಿದೆ, ಒಂಬತ್ತು. ನೀಲಿಯದನ್ನು ಎಣಿಸಿದೆ, ಎಂಟು. ಭಾಯಿಗೆ ಕೊಟ್ಟೆ, ಅವರೂ ಬೆರಳಿಟ್ಟು ಎಣಿಸಿದರು. ಎಂಟೇ.

ಗುಲ್ಬರ್ಗಾಕ್ಕೆ ಫೋನ್ ಹಚ್ಚಿದೆ. ಪೆಟ್ಟಿಗೆಯೊಳಗೆ ಕಂಪನಿ ಹಾಕಿದ ಮೆಮೊರಿ ಎಲ್ಲಿ ಹೋಯಿತು ಎಂದು ಕೇಳಿದೆ.

“ಮೇಡಂ, ನೀವು ಒಳಗ ಬಿಚ್ಚಿ ನೋಡಿದ್ರೇನು?”

“ಎತ್ತಿನ ಹಲ್ಲು ನೋಡೂದು ನಮ್ಮ ಕಡಿ ರೂಢಿ ಅದ.”

“ಒರಿಜಿನಲ್ ಸ್ಟಾಕ್ ಇರ್ಲಿಲ್ರೀ. ಡೆಮೊಕ್ಕ ಇರ್ಲಿ ಅಂತ ಸಾದಾ ಹಾಕಿದ್ವಿ. ಯಾರಿಗೂ ತಿಳ್ಯಂಗಿಲ್ಲ ಅಂತ… ನಾಳೆ ಛಲೋದು ಕಳಸ್ತೀನಿ. ಇದು ನಮ್ಮಿಬ್ರಾಗೇ ಇರ್ಲಿ.”

ಯಾರಿಗೂ ತಿಳಿಯುವುದಿಲ್ಲ. ಆ ಮಾತಿಗೆ ನನಗೆ ಬಂದ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಬೈಗುಳ ಬಾಯಿಗೆ ಬಂದವು, ಕೆಲವನ್ನು ಅಂದೆ, ಇಲ್ಲಿ ಬರೆಯುವಂಥವಲ್ಲ. ನಿನ್ನ ಮಷೀನ್ ಸಂಜೆಯೊಳಗೆ ಎತ್ತಿಕೊಂಡು ಹೋಗು, ಇಲ್ಲದಿದ್ದರೆ ಮಿಲ್ಲಿನ ಹೊಟ್ಟಿನ ಜೊತೆ ದನಕ್ಕೆ ಹಾಕುತ್ತೇನೆ ಅಂದೆ. ಫೋನ್ ಕುಕ್ಕಿದೆ. ಆ ಬ್ರ್ಯಾಂಡಿನದು ಬಹುಶಃ ದೋಷವೇ ಇರಲಿಲ್ಲ. ಒಳ್ಳೆಯ ಮೆಮೊರಿ ಹಾಕಿದ್ದರೆ ಅದೇ ಗೆಲ್ಲುತ್ತಿತ್ತೋ ಏನೋ. ಆದರೆ ಬ್ರ್ಯಾಂಡು ನಮ್ಮ ಶೆಡ್ಡಿಗೆ ಬರುವುದು ಇಂಥವನ ಕೈಯಿಂದಲೇ. ನಾಳೆ ಡಿಸ್ಕು ಕೆಟ್ಟರೆ ತಂದು ಹಾಕುವವನೂ ಇವನೇ.

ಡಾಕ್ಟರ ಎದುರು ನಿಂತು, ಕೆಂಪು ಯಂತ್ರ ಕೊಳ್ಳುತ್ತೇವೆ, ಅದು ಆಗಾಗ ನಿಲ್ಲುತ್ತದೆ ಎಂದು ಹೇಳಿದಾಗ ಅವರ ಮುಖ ನೋಡುವಂತಿತ್ತು.

“ನಿಲ್ಲಂಗಿಲ್ಲ ಅಂದ್ರ ತರ್ರಿ ಅಂದಿದ್ದೆ ನಾ. ನಿಮಗ ಕಿವಿ ಕೇಳಸ್ತದೋ ಇಲ್ಲೋ?”

“ಕೇಳಸ್ತದ್ರಿ ಸರ್. ಮಾರ್ಚ್‌ನ್ಯಾಗ ನಮ್ಮ ಮಷೀನ್ ನಿಂತೇ ಇದ್ರ ಆ ಇಜೇರಿಯಾಕಿಗಿ ಮಾತ್ರಿ ತಪ್ಪತಿರ್ಲಿಲ್ಲ. ಪಟ್ಟಿ ಬರ್ಲಿಲ್ಲ ಅಂತ ನೀವು ಹಳೀ ಕಾಗದ ನೋಡಿ ಹೆಸರು ಕರೀತಿದ್ರಿ. ಅದು ನಿಲ್ಲದೇ ತಪ್ಪು ಪಟ್ಟಿ ಕೊಟ್ಟಿದ್ದಕ್ಕೇ ಆಕಿ ಮೂರು ವಾರ ಮಾತ್ರಿ ಬಿಟ್ಲು. ನಿಂತದ್ದು ಎಲ್ಲರಿಗೂ ಕಾಣಸ್ತದ. ತಪ್ಪಿದ್ದು ಯಾರಿಗೂ ಕಾಣಸಂಗಿಲ್ಲ.”

ನೀರಿನ ವಿಷಯವನ್ನೂ ಹೇಳಿದೆ. ಅದನ್ನು ಹೇಳುವುದು ಮೆಮೊರಿಯ ಕಥೆ ಹೇಳಿದಷ್ಟು ಸುಲಭವಿರಲಿಲ್ಲ. ಡಾಕ್ಟರು ನನ್ನನ್ನು ದುರುಗುಟ್ಟಿ ನೋಡಿದರು. ಕಿಟಕಿಯ ಹೊರಗೆ ಕಾರ್ಯಕರ್ತರು ಹೆಸರು ಕೂಗುತ್ತಿದ್ದರು. ಕೊನೆಗೆ ಒಂದು ಕುರ್ಚಿ ತೋರಿಸಿ, “ಕೂಡ್ರಿ” ಅಂದರು. ಅವತ್ತು ನಾವು ಕೂತು ಮಾಡಿಕೊಂಡ ನಿಯಮಗಳು ಬಹಳ ವರ್ಷ ನಡೆದವು. ಪಟ್ಟಿಯ ಅಡಿಯಲ್ಲಿ ಒಟ್ಟು ಎಷ್ಟು ಹೆಸರು ಎಂಬ ಸಂಖ್ಯೆ ಇರಬೇಕು. ಕಾರ್ಯಕರ್ತರು ಕೂಗುವ ಮೊದಲು ಎಣಿಸಬೇಕು, ಹಿಂದಿನ ಸರದಿಗಿಂತ ಕಡಿಮೆ ಇದ್ದರೆ ಯಾಕೆಂದು ಕೇಳಬೇಕು. ಯಂತ್ರ ನಿಂತರೆ ಮೂರೂ ದವಾಖಾನೆಗೆ ನಾವೇ ತಿಳಿಸಬೇಕು. ಇನ್ನು ಗುಣವಾದವರ ಹೆಸರನ್ನೂ ಗಿಡದ ಕೆಳಗೆ ಎಲ್ಲರ ಎದುರು ಕೂಗಿ, ನಿನಗೆ ಆರಾಮಾಗಿದೆ, ನಾಳೆಯಿಂದ ಬರಬೇಡ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳುವವರೆಗೆ ಯಾರಿಗೂ ಆರಾಮಾಗಿಲ್ಲ. ಈ ಕೊನೆಯದನ್ನು ಸೂಚಿಸಿದವರು, ಹೊರಗಿನಿಂದ ಕರೆಸಿಕೊಂಡ ಆರೋಗ್ಯ ಕಾರ್ಯಕರ್ತರು.

ಜೂನ್ ತಿಂಗಳಲ್ಲಿ ಕೆಂಪು ಯಂತ್ರ ಮುಂಜಾನೆಯೇ ಒಮ್ಮೆ ನಿಂತಿತು. ಫ್ಯಾನಿನ ಜಾಲರಿಗೆ ತೊಗರಿ ಹೊಟ್ಟು ಮೆತ್ತಿಕೊಂಡಿತ್ತು. ಆಳಂದಕ್ಕೂ ಅಫಜಲಪುರಕ್ಕೂ ಫೋನಿನಲ್ಲಿ ತಿಳಿಸಿದೆ. ಜೇವರ್ಗಿ ದವಾಖಾನೆಯ ಫೋನ್ ಸತ್ತಿತ್ತು. ಅದು ಹತ್ತೀತೆಂದು ಕಾದು, ಒಂಬತ್ತಾದ ಮೇಲೆ ಭಾಯಿ ಸುದ್ದಿ ಮುಟ್ಟಿಸಲು ಹೊರಟರು. ನಾನು ಜಾಲರಿ ಬಿಚ್ಚಿ ಬ್ರಶ್ಶಿನಿಂದ ಹೊಟ್ಟು ಉದುರಿಸುತ್ತ ಕೂತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ಇಜೇರಿಯ ಹೆಣ್ಣುಮಗಳು, ಮೊದಲಿಗಿಂತ ಸ್ವಲ್ಪ ಮೈ ತುಂಬಿದ್ದಳು.

“ಪಟ್ಟಿ ಬರಿಯಾವ್ರು ಯಾರಿಲ್ಲಿ?”

“ನಾನು,” ಅಂದೆ. ಈ ಸಲ ದವಾಖಾನೆ ಕಡೆಯವಳು ಅನ್ನಲಿಲ್ಲ. “ಮಾರ್ಚ್‌ನ್ಯಾಗ ನಿನ್ನ ಹೆಸರು ಬಿಟ್ಟಾಕಿನೂ ನಾನೇ.”

ಆಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುರುತು ಹತ್ತಿತು. ಮನೆಗೆ ಬಂದು ಸುಳ್ಳು ಹೇಳಿದವಳು ಎಂಬುದೂ ನೆನಪಾಗಿರಬೇಕು.

“ಎಂಟು ಹೊಡೀತು, ಒಂಬತ್ತು ಹೊಡೀತು, ಹೆಸರು ಕರೀವಲ್ರು. ನನಗಿನ್ನಾ ಆರಾಮ ಆಗಿಲ್ಲ, ಆರಾಮ ಆಯ್ತು ಅಂತ ಯಾರೂ ಹೇಳಿಲ್ಲ. ನಿಮ್ಮ ಡಬ್ಬಿ ಕೆಟ್ರ ನಾ ಸಾಯ್ಬೇಕೇನು? ಊರಿಗಿ ಹೋಗೂ ಎರಡು ಬಸ್ ಬಿಟ್ಟು ಬಂದೀನಿ. ಕೂಲಿ ಬಿಟ್ಟು ಬಂದೀನಿ. ನಾಚಿಕಿ ಬರಂಗಿಲ್ಲೇನ್ ನಿಮಗ?”

ಮಿಲ್ಲಿನ ಹಮಾಲರು ಇಣುಕಿ ನೋಡುವಷ್ಟು ಜೋರಾಗಿ ಬೈದಳು. ಎಷ್ಟು ಬೈದರೂ ನನಗೆ ಒಂದಿಷ್ಟೂ ಸಿಟ್ಟು ಬರಲಿಲ್ಲ. ಇಂಥ ಖುಷಿ ನನಗೆ ಆ ವರ್ಷ ಆಗಿರಲೇ ಇಲ್ಲ. ತಪ್ಪಾಯಿತು ಅಂದೆ, ಕೂತುಕೋ ಅಂದೆ, ನೀರು ಕೊಡಲು ಎದ್ದೆ.

“ನೀರು ಬ್ಯಾಡ. ತಪ್ಪಾಗಿದ್ದು ನನಗೂ ಗೊತ್ತದ. ಪಟ್ಟಿ ಎಷ್ಟೊತ್ತಿಗಿ ಬರ್ತದ ಅದು ಹೇಳ್ರಿ.”

ಹತ್ತು ನಿಮಿಷ ಅಂದೆ. ಆಕೆ ಹೊಸ್ತಿಲಲ್ಲೇ ಸೆರಗು ಬಿಗಿದು ನಿಂತಳು. ಜಾಲರಿ ಹಾಕಿ ಬಟನ್ ಒತ್ತಿದೆ. ಪ್ರಿಂಟರ್ ಕರಕರ ಎಂದು ಹಾಳೆ ಹೊರಗೆ ಹಾಕಿತು. ಓದಲು ಬಾರದ ಆಕೆ ತನ್ನ ಹೆಸರು ಎಲ್ಲಿದೆ ಎಂದು ನನ್ನಿಂದ ಬೆರಳಿಡಿಸಿಕೊಂಡು ನೋಡಿದಳು. ಒಟ್ಟು ಎಷ್ಟು ಮಂದಿ ಎಂದು ಕೇಳಿದಳು. ನಲವತ್ತೊಂದು ಅಂದೆ. ಸಾಲುಗಳನ್ನು ಮೇಲಿನಿಂದ ಕೆಳಗೆ ತಾನೇ ಒಂದೊಂದಾಗಿ ಎಣಿಸಿದಳು, ಪ್ರಿಂಟರಿನಿಂದ ಹಾಳೆ ಹರಿದುಕೊಂಡಳು, ದವಾಖಾನೆಯ ಕಡೆ ನಡೆದಳು.